ನಂಬಿ ಮಲಗೋಕೆ ಆಗುವಂಥ ಅಲಾರಂ ಗಡಿಯಾರ ನೀವೇ ಮಾಡ್ಕೊಳ್ಳಿ

ಆರ್ಡುಯಿನೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್‌ನಲ್ಲಿ ಎಲ್‌ಇಡಿ ಮಿಣುಕಿಸೋದು ಆಯ್ತು, ಈಗ ಮುಂದೇನು ಅಂತ ಕೂತಿರೋರಿಗೆ ನಾನು ಯಾವಾಗ್ಲೂ ಹೇಳೋದು ಒಂದೇ, ಒಂದು ಅಲಾರಂ ಗಡಿಯಾರ ಮಾಡಿ. ಯಾಕಂದ್ರೆ ಇದ್ರಲ್ಲಿ ಬಟನ್ ಓದೋದು, ಡಿಸ್‌ಪ್ಲೇ ಮೇಲೆ ಬರೆಯೋದು, ಇನ್ನೊಂದು ಚಿಪ್ ಜೊತೆ ಮಾತಾಡೋದು, ಸೆಟ್ಟಿಂಗ್ ನೆನಪಿಟ್ಕೊಳ್ಳೋದು ಎಲ್ಲಾ ಬರತ್ತೆ, ಮತ್ತೆ ಮಾಡಿ ಮೂಲೆಗೆ ಬಿಸಾಕೋ ಪ್ರಾಜೆಕ್ಟೂ ಅಲ್ಲ, ದಿನಾ ಬೆಳಿಗ್ಗೆ ಕೆಲಸಕ್ಕೆ ಬರತ್ತೆ.

ಒಂದು ವಿಷಯ ಮಾತ್ರ ಮೊದಲೇ ಹೇಳ್ಬಿಡ್ತೀನಿ. ಟೈಮ್ ತೋರಿಸೋ ಗಡಿಯಾರ ಒಂದು ಸಂಜೆಲಿ ಆಗ್ಹೋಗತ್ತೆ. ಆದ್ರೆ ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗಿ ಬಂದ್ರೂ ಬೆಳಿಗ್ಗೆ ಐದೂವರೆಗೆ ಸರಿಯಾಗಿ ಕೂಗೋ ಗಡಿಯಾರ ಬೇಕು ಅಂದ್ರೆ ಅದು ಬೇರೆ ಲೆಕ್ಕ. ನಾನು ಮೊದಲು ಮಾಡಿದ್ದು ಟೇಬಲ್ ಮೇಲೆ ಎರಡು ದಿನ ಚೆನ್ನಾಗೇ ಓಡ್ತು, ಅದನ್ನ ನಂಬಿ ಫೋನ್ ಅಲಾರಂ ಆಫ್ ಮಾಡಿ ಮಲಗಿದ ದಿನವೇ ಅದು ಕೂಗ್ಲಿಲ್ಲ, ಎದ್ದು ನೋಡಿದ್ರೆ ಟೈಮೇ ತಪ್ಪು ತೋರಿಸ್ತಿತ್ತು. ಕಾರಣ ಕೋಡ್‌ನಲ್ಲಿದ್ದ ಒಂದೇ ಒಂದು ಸಾಲು, ಅದು ಯಾವುದು ಅಂತ ಕೆಳಗೆ ಬರತ್ತೆ. ಅವತ್ತಿಂದ ನನಗೆ ಈ ಪ್ರಾಜೆಕ್ಟ್ ಅಂದ್ರೆ ಡಿಸ್‌ಪ್ಲೇ ಹೊಳೆಯೋದಲ್ಲ, ನಂಬಿಕೆ ಗಳಿಸೋದು. ಹಾಗಾಗಿ ಈ ಲೇಖನದಲ್ಲಿ ವೈರ್ ಜೋಡಿಸೋದು ಬೇಗ ಮುಗಿಸ್ತೀನಿ, ಎಲ್ಲಿ ಕೈ ಕೊಡತ್ತೋ ಅಲ್ಲಿ ಜಾಸ್ತಿ ಹೊತ್ತು ನಿಲ್ತೀನಿ.

ಬೇಕಾಗೋ ಸಾಮಾನು

ಬೋರ್ಡ್‌ಗೆ ಆರ್ಡುಯಿನೊ ಉನೊ ಆರ್3 ಸಾಕು, ಹಳೇ ಮಾದರಿ ನ್ಯಾನೊ ಇದ್ರೂ ಪರವಾಗಿಲ್ಲ, ಎರಡರಲ್ಲೂ ಇರೋದು ಎಟಿಮೆಗಾ328ಪಿ ಚಿಪ್. ಅದ್ರಲ್ಲಿ 32 ಕಿಲೋಬೈಟ್ ಫ್ಲ್ಯಾಶ್, 2 ಕಿಲೋಬೈಟ್ ರ‍್ಯಾಮ್, 1 ಕಿಲೋಬೈಟ್ ಈಪ್ರಾಮ್ (ಕರೆಂಟ್ ಹೋದ್ರೂ ಅಳಿಸದ ಮೆಮೊರಿ) ಇದೆ, ಒಂದು ಗಡಿಯಾರಕ್ಕೆ ಇದು ಧಾರಾಳ. ಟೈಮ್ ಇಟ್ಕೊಳ್ಳೋಕೆ ಡಿಎಸ್3231 ಆರ್‌ಟಿಸಿ ಮಾಡ್ಯೂಲ್ (ಆರ್‌ಟಿಸಿ ಅಂದ್ರೆ ರಿಯಲ್ ಟೈಮ್ ಕ್ಲಾಕ್, ಕರೆಂಟ್ ಹೋದ್ರೂ ತನ್ನ ಸೆಲ್ ಇಂದ ಟೈಮ್ ಎಣಿಸ್ತಾ ಇರೋ ಚಿಪ್), ತೋರಿಸೋಕೆ ಟಿಎಂ1637 ಚಿಪ್ ಇರೋ ನಾಲ್ಕು ಅಂಕಿಯ ಡಿಸ್‌ಪ್ಲೇ, ಮಧ್ಯದಲ್ಲಿ ಎರಡು ಚುಕ್ಕೆ ಇರೋದನ್ನೇ ನೋಡಿ ತಗೊಳ್ಳಿ. ಮೂರು ಪುಶ್ ಬಟನ್, ಒಂದು ಸ್ಲೈಡ್ ಸ್ವಿಚ್, ಒಂದು 5 ವೋಲ್ಟ್ ಆಕ್ಟಿವ್ ಬಝರ್, ಒಂದು ಬಿಸಿ547 ಟ್ರಾನ್ಸಿಸ್ಟರ್, 1 ಕಿಲೋ ಓಮ್ ರೆಸಿಸ್ಟರ್ ಒಂದು, 1ಎನ್4148 ಡಯೋಡ್ ಒಂದು, ಬ್ರೆಡ್‌ಬೋರ್ಡ್, ಜಂಪರ್ ವೈರ್. ಆರ್‌ಟಿಸಿಗೆ ಸಿಆರ್2032 ಸೆಲ್. ಇಷ್ಟೇ.

ಬಿಡಿ ಸೆವೆನ್ ಸೆಗ್ಮೆಂಟ್ ತಗೊಂಡು ಒಂದೊಂದು ಸೆಗ್ಮೆಂಟ್‌ಗೂ ರೆಸಿಸ್ಟರ್ ಹಾಕಿ ಮಲ್ಟಿಪ್ಲೆಕ್ಸ್ ಮಾಡೋದನ್ನ (ಒಂದೊಂದೇ ಅಂಕಿನ ಸರದಿ ಮೇಲೆ ಬೇಗ ಬೇಗ ಬೆಳಗಿಸೋದನ್ನ) ಕೆಲವರು ಮೊದಲ ಸಲವೇ ಕೈಗೆತ್ಕೋತಾರೆ. ಕಲಿಯೋಕೆ ಒಳ್ಳೇದೇ, ಆದ್ರೆ ಹನ್ನೆರಡು ಪಿನ್ ಅದಕ್ಕೇ ಹೋಗತ್ತೆ, ಕೋಡ್ ಒಂಚೂರು ತಡವಾದ್ರೂ ಅಂಕಿ ಮಿನುಗತ್ತೆ, ಆಮೇಲೆ ಅಲಾರಂ ತನಕ ಹೋಗೋಷ್ಟರಲ್ಲಿ ಉತ್ಸಾಹನೇ ಇಳಿದುಹೋಗಿರತ್ತೆ. ಟಿಎಂ1637 ಅಂದ್ರೆ ಎರಡೇ ಡೇಟಾ ವೈರ್, ಒಂದ್ಸಲ ಅಂಕಿ ಕಳಿಸಿದ್ರೆ ಅದೇ ಹಿಡ್ಕೊಂಡಿರತ್ತೆ. ಮೊದಲ ಗಡಿಯಾರಕ್ಕೆ ಇದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಆರ್‌ಟಿಸಿ ಯಾಕೆ ಬೇಕೇ ಬೇಕು

ಬೋರ್ಡ್‌ನಲ್ಲೇ ಮಿಲಿಸ್ ಅಂತ ಫಂಕ್ಷನ್ ಇದೆಯಲ್ಲ, ಅದು ಮಿಲಿಸೆಕೆಂಡ್ ಎಣಿಸತ್ತೆ, ಅದ್ರಿಂದಲೇ ಗಡಿಯಾರ ಮಾಡ್ಬಹುದಲ್ವಾ ಅಂತ ಎಲ್ರಿಗೂ ಅನ್ಸತ್ತೆ. ಮಾಡ್ಬಹುದು, ಆದ್ರೆ ಉಳಿಯಲ್ಲ. ಉನೊದಲ್ಲಿ ಮುಖ್ಯ ಚಿಪ್‌ಗೆ 16 ಮೆಗಾಹರ್ಟ್ಸ್ ಬಡಿತ ಕೊಡೋದು ಸೆರಾಮಿಕ್ ರೆಸೊನೇಟರ್, ಕ್ವಾರ್ಟ್ಸ್ ಕ್ರಿಸ್ಟಲ್ ಅಲ್ಲ. ಅದು ನೂರಕ್ಕೆ ಅರ್ಧದಷ್ಟು ಆಚೀಚೆ ಆದ್ರೂ ಎಲ್‌ಇಡಿ ಮಿಣುಕಿಸೋಕೆ, ಸೀರಿಯಲ್‌ನಲ್ಲಿ ಮಾತಾಡೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ದಿನಕ್ಕೆ 86,400 ಸೆಕೆಂಡ್ ಅಲ್ವಾ, ಅದ್ರಲ್ಲಿ ಅರ್ಧ ಪರ್ಸೆಂಟ್ ಅಂದ್ರೆ 432 ಸೆಕೆಂಡ್, ಏಳು ನಿಮಿಷದ ಮೇಲೆ. ಅಷ್ಟು ತಪ್ಪದೇ ಬರೀ ಸಾವಿರಕ್ಕೆ ಒಂದು ತಪ್ಪಿದ್ರೂ ದಿನಕ್ಕೆ ಒಂದೂವರೆ ನಿಮಿಷ ಹೋಯ್ತು. ಕರೆಂಟ್ ಹೋದ್ರಂತೂ ಎಲ್ಲಾ ಸೊನ್ನೆಯಿಂದ ಶುರು.

ಡಿಎಸ್3231 ಒಳಗೇ ಕ್ರಿಸ್ಟಲ್ ಇದೆ, ಜೊತೆಗೆ ಬಿಸಿ ಎಷ್ಟಿದೆ ಅಂತ ನೋಡಿ ಅದಕ್ಕೆ ತಕ್ಕಂತೆ ತನ್ನನ್ನ ತಾನೇ ಸರಿ ಮಾಡ್ಕೊಳ್ಳತ್ತೆ. 0 ಯಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಹತ್ತು ಲಕ್ಷಕ್ಕೆ ಎರಡರಷ್ಟು ಮಾತ್ರ ಆಚೀಚೆ, ವರ್ಷಕ್ಕೆ ಹೆಚ್ಚೂಕಮ್ಮಿ ಒಂದು ನಿಮಿಷ. ಇದರ ಅಣ್ಣ ಡಿಎಸ್1307 ಕೂಡ ಸಿಗತ್ತೆ, ಅದಕ್ಕೆ ಹೊರಗಡೆ 32,768 ಹರ್ಟ್ಸ್ ಕ್ರಿಸ್ಟಲ್ ಹಾಕಿರ್ತಾರೆ. 32,768 ಅಂದ್ರೆ ಎರಡನ್ನ ಹದಿನೈದು ಸಲ ಗುಣಿಸಿದ್ದು, ಅದನ್ನ ಹದಿನೈದು ಸಲ ಅರ್ಧ ಮಾಡಿದ್ರೆ ಸರಿಯಾಗಿ ಸೆಕೆಂಡ್‌ಗೆ ಒಂದು ಬಡಿತ ಉಳಿಯತ್ತೆ, ಕೈಗಡಿಯಾರದಲ್ಲೂ ಇದೇ ಲೆಕ್ಕ, ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಆದ್ರೆ 1307 ಬಿಸಿಲು ಚಳಿಗೆ ಸರಿ ಮಾಡ್ಕೊಳ್ಳಲ್ಲ, ತಿಂಗಳಿಗೆ ಒಂದು ನಿಮಿಷದ ಹತ್ತಿರ ಜಾರೋದು ಸಾಮಾನ್ಯ. ಅಲಾರಂಗೆ 3231 ತಗೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ, ಇದನ್ನ ದಾಟಿಸಿ ಓದ್ಬೇಡಿ. ಝಡ್‌ಎಸ್-042 ಅಂತ ಬರೆದಿರೋ ನೀಲಿ ಮಾಡ್ಯೂಲ್ ಬಂದ್ರೆ ಅದ್ರಲ್ಲಿ ಸೆಲ್‌ನ ಚಾರ್ಜ್ ಮಾಡೋ ಸರ್ಕ್ಯೂಟ್ ಇರತ್ತೆ, ಒಂದು ಡಯೋಡ್ ಮತ್ತೆ ಒಂದು 200 ಓಮ್ ರೆಸಿಸ್ಟರ್, ರೆಸಿಸ್ಟರ್ ಮೇಲೆ 201 ಅಂತ ಬರೆದಿರತ್ತೆ. ಅದು ಚಾರ್ಜ್ ಆಗೋ ಎಲ್‌ಐಆರ್2032 ಸೆಲ್‌ಗೆ ಅಂತ ಮಾಡಿದ್ದು. ನಾವು ಹಾಕೋದು ಸಾಮಾನ್ಯ ಸಿಆರ್2032, ಅದನ್ನ ಚಾರ್ಜ್ ಮಾಡ್ಲೇಬಾರ್ದು, ಊದಿಕೊಳ್ಳಬಹುದು, ಸೋರಬಹುದು. 5 ವೋಲ್ಟ್ ಕೊಟ್ಟಾಗ ಈ ಸರ್ಕ್ಯೂಟ್ ಸುಮ್ನೆ ಅದಕ್ಕೆ ಕರೆಂಟ್ ತುಂಬ್ತಾನೇ ಇರತ್ತೆ. ಆದ್ದರಿಂದ ಆ 201 ರೆಸಿಸ್ಟರ್‌ನ ಸೋಲ್ಡರಿಂಗ್ ಐರನ್ ಮುಟ್ಟಿಸಿ ತೆಗೆದುಬಿಡಿ, ಆಮೇಲೆ ಸಿಆರ್2032 ಹಾಕಿ. ಗಡಿಯಾರಕ್ಕೆ ಏನೂ ಆಗಲ್ಲ, ಸೆಲ್ ಇಂದ ಆರ್‌ಟಿಸಿಗೆ ಹೋಗೋ ದಾರಿ ಬೇರೇನೇ ಇದೆ. ಹಾಸಿಗೆ ಪಕ್ಕದಲ್ಲಿ ವರ್ಷಗಟ್ಟಲೆ ಇರೋ ವಸ್ತು ಇದು, ಈ ಒಂದು ಕೆಲಸಕ್ಕೆ ಸೋಮಾರಿತನ ಬೇಡ.

ಜೋಡಿಸೋದು

ಬೋರ್ಡ್‌ನ 5 ವೋಲ್ಟ್ ಪಿನ್ ಬ್ರೆಡ್‌ಬೋರ್ಡ್‌ನ ಕೆಂಪು ಗೆರೆಗೆ, ಗ್ರೌಂಡ್ ನೀಲಿ ಗೆರೆಗೆ. ಕೆಲವು ದೊಡ್ಡ ಬ್ರೆಡ್‌ಬೋರ್ಡ್‌ಗಳಲ್ಲಿ ಈ ಗೆರೆ ಮಧ್ಯದಲ್ಲಿ ಕಟ್ ಆಗಿರತ್ತೆ, ಅರ್ಧ ಬೋರ್ಡ್‌ಗೆ ಪವರ್ರೇ ಬರ್ತಿಲ್ಲ ಅಂತ ಗಂಟೆಗಟ್ಟಲೆ ಹುಡುಕೋದು ಇದಕ್ಕೇ, ಒಂದು ಸಣ್ಣ ವೈರ್ ಹಾಕಿ ಎರಡೂ ಕಡೆ ಸೇರಿಸ್ಕೊಳ್ಳಿ. ಆಮೇಲೆ ಇವನ್ನ ಬೋರ್ಡ್‌ನ ಈ ಪಿನ್‌ಗಳಿಗೆ ಜೋಡಿಸಿ:

ಆರ್‌ಟಿಸಿಯ ಎಸ್‌ಡಿಎ – ಎ4, ಎಸ್‌ಸಿಎಲ್ – ಎ5
ಡಿಸ್‌ಪ್ಲೇಯ ಸಿಎಲ್‌ಕೆ – 6, ಡಿಐಒ – 7
ಸೆಟ್ ಬಟನ್ – 2, ಪ್ಲಸ್ ಬಟನ್ – 3, ಸ್ನೂಜ್ ಬಟನ್ – 4
ಅಲಾರಂ ಆನ್ ಆಫ್ ಸ್ಲೈಡ್ ಸ್ವಿಚ್ – 5
ಬಝರ್‌ನ ಟ್ರಾನ್ಸಿಸ್ಟರ್ – 8

ಎರಡೂ ಮಾಡ್ಯೂಲ್‌ಗೆ 5 ವೋಲ್ಟ್ ಮತ್ತೆ ಗ್ರೌಂಡ್ ಕೊಡೋದು ಮರೀಬೇಡಿ.

ಬಟನ್‌ಗಳ ಇನ್ನೊಂದು ಕಾಲು ನೇರ ಗ್ರೌಂಡ್‌ಗೆ, ಸ್ಲೈಡ್ ಸ್ವಿಚ್‌ದೂ ಹಾಗೇ, ನಡುವಿನ ಕಾಲು ಪಿನ್‌ಗೆ, ಒಂದು ತುದಿ ಗ್ರೌಂಡ್‌ಗೆ. ಹೊರಗಡೆ ರೆಸಿಸ್ಟರ್ ಬೇಡ, ಕೋಡ್‌ನಲ್ಲಿ ಪಿನ್‌ನ ಇನ್‌ಪುಟ್ ಪುಲ್‌ಅಪ್ ಅಂತ ಇಟ್ರೆ ಚಿಪ್ ಒಳಗಿರೋ ರೆಸಿಸ್ಟರೇ ಸಾಕು. ಆಗ ಲೆಕ್ಕ ಉಲ್ಟಾ ಆಗತ್ತೆ, ಒತ್ತದಿದ್ದಾಗ ಹೈ, ಒತ್ತಿದಾಗ ಲೋ, ಸ್ಲೈಡ್ ಸ್ವಿಚ್‌ನಲ್ಲೂ ಗ್ರೌಂಡ್ ಕಡೆ ತಳ್ಳಿದ್ರೆ ಲೋ, ಅದನ್ನೇ ಅಲಾರಂ ಆನ್ ಅಂತ ಇಟ್ಕೊಳ್ಳಿ. ನಾಲ್ಕು ಕಾಲಿನ ಬಟನ್ ಆದ್ರೆ ಕಾಲುಗಳು ಎರಡೆರಡು ಒಳಗೇ ಸೇರ್ಕೊಂಡಿರ್ತವೆ, ಯಾವುದು ಯಾವುದು ಅಂತ ತಲೆಕೆಡಿಸ್ಕೊಳ್ಳೋ ಬದಲು ಮೂಲೆಯಿಂದ ಮೂಲೆಗೆ ಇರೋ ಎರಡು ಕಾಲು ಬಳಸಿ, ತಪ್ಪೋ ಮಾತೇ ಇಲ್ಲ.

ಬಝರ್‌ನ ನೇರ ಪಿನ್‌ಗೆ ಹಾಕಿದ್ರೂ ಕೂಗತ್ತೆ, ತುಂಬಾ ಜನ ಹಾಗೇ ಬಿಡ್ತಾರೆ. ಆದ್ರೆ ಒಂದು ಪಿನ್ ಇಂದ 20 ಮಿಲಿಆಂಪ್ ಒಳಗೆ ತಗೊಳ್ಳೋದು ಒಳ್ಳೇದು, 40 ಅಂದ್ರೆ ಕಟ್ಟಕಡೆ ಮಿತಿ, ಕೆಲವು ಬಝರ್ 30ರ ಹತ್ತಿರ ಎಳೆಯತ್ತೆ. ಮಲಗಿರೋರನ್ನ ಎಬ್ಬಿಸೋ ಭಾಗ ಇದು, ಇದೇ ಸೊರಗಿದ್ರೆ ಹೇಗೆ. ಬಿಸಿ547ನ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇಟ್ಟು ನೋಡಿದ್ರೆ ಎಡಗಡೆಯಿಂದ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರ್ ಗ್ರೌಂಡ್‌ಗೆ, ಬೇಸ್ 1 ಕಿಲೋ ಓಮ್ ಮೂಲಕ 8ನೇ ಪಿನ್‌ಗೆ, ಕಲೆಕ್ಟರ್ ಬಝರ್‌ನ ಮೈನಸ್‌ಗೆ, ಬಝರ್‌ನ ಪ್ಲಸ್ 5 ವೋಲ್ಟ್‌ಗೆ. ಬಝರ್‌ಗೆ ಅಡ್ಡವಾಗಿ ಡಯೋಡ್, ಗೆರೆ ಇರೋ ತುದಿ 5 ವೋಲ್ಟ್ ಕಡೆ, ಉಲ್ಟಾ ಹಾಕಿದ್ರೆ ಶಾರ್ಟ್ ಆಗತ್ತೆ ಅದಕ್ಕೆ ಎರಡು ಸಲ ನೋಡ್ಕೊಳ್ಳಿ.

ಆಕ್ಟಿವ್, ಪ್ಯಾಸಿವ್ ಎರಡೂ ಬಝರ್ ನೋಡೋಕೆ ಒಂದೇ ಥರ ಇರ್ತವೆ. ಆಕ್ಟಿವ್‌ಗೆ ಬರೀ 5 ವೋಲ್ಟ್ ಮುಟ್ಟಿಸಿದ್ರೆ ಕೂಗ್ತಾ ಇರತ್ತೆ, ಪ್ಯಾಸಿವ್ ಟಿಕ್ ಅಂದು ಸುಮ್ನಾಗತ್ತೆ, ಅದಕ್ಕೆ ಟೋನ್ ಫಂಕ್ಷನ್ ಇಂದ ಸ್ವರ ಕೊಡ್ಬೇಕು. ಯಾವುದೇ ಇರ್ಲಿ, ಯಾವುದು ಅಂತ ಗೊತ್ತಿರ್ಲಿ.

ಕೋಡ್, ಒಂದೊಂದೇ ಮೆಟ್ಟಿಲು

ಎಲ್ಲಾ ಒಟ್ಟಿಗೆ ಬರೆದು ಅಪ್‌ಲೋಡ್ ಮಾಡಿ ಯಾಕೆ ಓಡ್ತಿಲ್ಲ ಅಂತ ನೋಡ್ತಾ ಕೂತ್ರೆ ದಿಕ್ಕು ತಪ್ಪತ್ತೆ. ಒಂದು ಭಾಗ ಓಡ್ತಿದೆ ಅಂತ ಕಣ್ಣಾರೆ ಕಂಡ ಮೇಲೆ ಮಾತ್ರ ಇನ್ನೊಂದು.

ಐ2ಸಿ ಅಂದ್ರೆ ಎರಡು ವೈರ್ ಮೇಲೆ ಚಿಪ್‌ಗಳು ಮಾತಾಡೋ ಒಂದು ರೀತಿ, ಆರ್‌ಟಿಸಿ ಮಾತಾಡೋದು ಹಾಗೇ. ಮೊದಲು ಐ2ಸಿ ಸ್ಕ್ಯಾನರ್ ಅನ್ನೋ ಪುಟ್ಟ ಸ್ಕೆಚ್ (ಆರ್ಡುಯಿನೊ ಕೋಡ್) ಹಾಕಿ ಸೀರಿಯಲ್ ಮಾನಿಟರ್ ನೋಡಿ. ಡಿಎಸ್3231 ವಿಳಾಸ ಹೆಕ್ಸ್‌ನಲ್ಲಿ 68 ಅಂತ ಕಾಣ್ಬೇಕು, ಮಾಡ್ಯೂಲ್ ಮೇಲೆ ಮೆಮೊರಿ ಚಿಪ್ ಕೂಡ ಇದ್ರೆ 57 ಅಂತ ಇನ್ನೊಂದು ಕಾಣತ್ತೆ. ಏನೂ ಕಾಣ್ಲಿಲ್ವಾ, ಹತ್ತರಲ್ಲಿ ಒಂಬತ್ತು ಸಲ ಎಸ್‌ಡಿಎ ಎಸ್‌ಸಿಎಲ್ ಅದಲು ಬದಲು, ಇಲ್ಲಾಂದ್ರೆ ವೈರ್ ಸಡಿಲ. ಡಿಸ್‌ಪ್ಲೇ ಇಲ್ಲಿ ಕಾಣಲ್ಲ, ಅದರದ್ದು ಎರಡು ವೈರೇ ಆದ್ರೂ ಐ2ಸಿ ಅಲ್ಲ, ಗಾಬರಿ ಬೇಡ.

ಆಮೇಲೆ ಆರ್‌ಟಿಸಿಲಿಬ್ ಲೈಬ್ರರಿ ಹಾಕ್ಕೊಂಡು ಟೈಮ್ ಸೆಟ್ ಮಾಡಿ ಓದಿ. ನಾನು ಮೇಲೆ ಹೇಳಿದ ಆ ಒಂದು ಸಾಲು ಇಲ್ಲೇ ಇರೋದು. ಉದಾಹರಣೆ ಸ್ಕೆಚ್‌ಗಳಲ್ಲಿ ಅಡ್ಜಸ್ಟ್ ಅಂತ ಒಂದು ಸಾಲು ಬರತ್ತೆ, ಕೋಡ್ ಕಂಪೈಲ್ ಆದ ಹೊತ್ತನ್ನೇ ಆರ್‌ಟಿಸಿಗೆ ಬರೆಯತ್ತೆ. ಮೊದಲ ಸಲಕ್ಕೆ ಅನುಕೂಲ, ಕೆಲವು ಸೆಕೆಂಡ್ ಹಿಂದೆ ಇರತ್ತೆ ಅಷ್ಟೇ. ಆದ್ರೆ ಅದು ಸೆಟಪ್ ಒಳಗೆ ಹಾಗೇ ಉಳಿದ್ರೆ ಬೋರ್ಡ್ ಪ್ರತಿಸಲ ಆನ್ ಆದಾಗ್ಲೂ ಅದೇ ಹಳೇ ಹೊತ್ತನ್ನ ಮತ್ತೆ ಬರೆಯತ್ತೆ, ಸೆಲ್ ಇದ್ದೂ ಇಲ್ಲದ ಹಾಗೆ, ಭಾನುವಾರ ಸಂಜೆ 7:40ಕ್ಕೆ ಕಂಪೈಲ್ ಮಾಡಿದ್ರೆ ಬುಧವಾರ ರಾತ್ರಿ ಕರೆಂಟ್ ಹೋಗಿ ಬಂದಾಗ ಗಡಿಯಾರ ಮತ್ತೆ ಭಾನುವಾರ ಸಂಜೆ 7:40 ಅನ್ನತ್ತೆ. ನನ್ನದು ಕೂಗದೇ ಇದ್ದದ್ದು ಇದ್ರಿಂದಲೇ. ಟೇಬಲ್ ಮೇಲೆ ಗೊತ್ತೇ ಆಗಲ್ಲ, ಯಾಕಂದ್ರೆ ಅಪ್‌ಲೋಡ್ ಮಾಡಿದ ತಕ್ಷಣ ಟೈಮ್ ಸರಿಯಾಗೇ ಕಾಣತ್ತೆ. ಒಂದ್ಸಲ ಸೆಟ್ ಮಾಡಿ, ಆ ಸಾಲು ತೆಗೆದು, ಮತ್ತೆ ಅಪ್‌ಲೋಡ್ ಮಾಡಿ. ಇಲ್ಲಾಂದ್ರೆ ಲೈಬ್ರರಿಯ ಲಾಸ್ಟ್‌ಪವರ್ ಅನ್ನೋದನ್ನ ಕೇಳಿ, ಆರ್‌ಟಿಸಿ ನಡುವೆ ಎಲ್ಲಾದ್ರೂ ನಿಂತಿತ್ತಾ ಅಂತ ಅದು ಹೇಳತ್ತೆ.

ಲಾಸ್ಟ್‌ಪವರ್ ಹೌದು ಅಂದ್ರೆ ಏನು ಮಾಡ್ಬೇಕು ಅನ್ನೋದ್ರಲ್ಲಿ ನನ್ನದೊಂದು ಹಟ ಇದೆ. ಕಂಪೈಲ್ ಆದ ಹೊತ್ತು ಹಾಕಿ ಸುಮ್ನೆ ಓಡಿಸ್ಬೇಡಿ, ಅಂಕಿಗಳನ್ನ ಮಿಣುಕಿಸ್ತಾ ಇರಿ, ಯಾರಾದ್ರೂ ಬಂದು ಟೈಮ್ ಸೆಟ್ ಮಾಡೋ ತನಕ. ಆರ್‌ಟಿಸಿ ಸಿಗ್ಲೇ ಇಲ್ಲ ಅಂದ್ರೆ ನಾಲ್ಕು ಅಡ್ಡಗೆರೆ ತೋರ್ಸಿ. ಗೊತ್ತಿಲ್ಲ ಅಂತ ಹೇಳೋ ಗಡಿಯಾರಕ್ಕಿಂತ ತಪ್ಪು ಟೈಮ್‌ನ ಧೈರ್ಯವಾಗಿ ತೋರಿಸೋ ಗಡಿಯಾರ ತುಂಬಾ ಅಪಾಯ, ನೋಡಿದೋರು ನಂಬ್ಬಿಡ್ತಾರೆ.

ಮೂರನೇದು ಡಿಸ್‌ಪ್ಲೇ. ಗಂಟೆನ 100 ರಿಂದ ಗುಣಿಸಿ ನಿಮಿಷ ಕೂಡಿಸಿ ಒಂದೇ ಸಂಖ್ಯೆ ಮಾಡಿ ಕಳಿಸೋದು ಸುಲಭ, 7:05 ಅಂದ್ರೆ 705. ಮುಂದಿನ ಸೊನ್ನೆ ತೋರಿಸು ಅಂತ ಹೇಳಿದ್ರೆ 07:05 ಬರತ್ತೆ, ಹೇಳದಿದ್ರೆ ರಾತ್ರಿ 12:05 ಬರೀ 5 ಅಂತ ಕಾಣತ್ತೆ. ಎರಡು ಚುಕ್ಕೆನ ಸೆಕೆಂಡ್‌ಗೊಮ್ಮೆ ಮಿಣುಕಿಸಿ, ಗಡಿಯಾರ ಜೀವಂತವಾಗಿದೆ ಅಂತ ದೂರದಿಂದಲೇ ಗೊತ್ತಾಗತ್ತೆ. 12 ಗಂಟೆಯೋ 24 ಗಂಟೆಯೋ ಅಂದ್ರೆ ನಾನು 24 ಅಂತೀನಿ. ಈ ಡಿಸ್‌ಪ್ಲೇಲಿ ಬೆಳಿಗ್ಗೆ ಸಂಜೆ ಅಂತ ತೋರಿಸೋಕೆ ಜಾಗ ಇಲ್ಲ, ಬೆಳಿಗ್ಗೆ ಆರಕ್ಕೆ ಅಂದ್ಕೊಂಡು ಸಂಜೆ ಆರಕ್ಕೆ ಸೆಟ್ ಮಾಡಿ ಮಲಗೋ ಸಾಧ್ಯತೆ ನಿಜವಾಗ್ಲೂ ಇದೆ. 12 ಬೇಕೇ ಬೇಕು ಅನ್ನೋರು ಸಂಜೆಗೆ ಅಂತ ಬೇರೆ ಎಲ್‌ಇಡಿ ಹಾಕ್ಕೊಳ್ಳಿ, ಜೊತೆಗೆ ಗಂಟೆನ 12 ರಿಂದ ಭಾಗಿಸಿ ಶೇಷ ಸೊನ್ನೆ ಬಂದಾಗ 12 ಅಂತ ತೋರಿಸೋದು ಮರೀಬೇಡಿ.

ಡಿಲೇ ಬಿಟ್ಬಿಡಿ

ಬಟನ್ ಸೇರಿಸೋ ಹೊತ್ತಿಗೆ ಎಲ್ರೂ ಇಲ್ಲಿ ಸಿಕ್ಕಾಕ್ಕೋತಾರೆ. ಚುಕ್ಕೆ ಮಿಣುಕಿಸೋಕೆ ಡಿಲೇ 500 ಅಂತ ಹಾಕಿರ್ತೀರ, ಆ ಅರ್ಧ ಸೆಕೆಂಡ್ ಚಿಪ್ ಬೇರೇನೂ ಮಾಡಲ್ಲ, ಬಟನ್ ಒತ್ತಿದ್ರೆ ಅದಕ್ಕೆ ಗೊತ್ತೇ ಆಗಲ್ಲ, ನೀವು ಬಟನ್ ಕೆಟ್ಟಿದೆ ಅಂತ ಬದಲಾಯಿಸ್ತೀರ. ಅಲಾರಂ ಕೂಗೋವಾಗ ಇದು ಇನ್ನೂ ಕಷ್ಟ, ನಿದ್ದೆಗಣ್ಣಲ್ಲಿ ಒತ್ತಿದ್ರೂ ಒತ್ತಿದ್ರೂ ನಿಲ್ಲಲ್ಲ.

ಬದಲಿಗೆ ಹೀಗೆ ಯೋಚಿಸಿ, ಲೂಪ್ ಅನ್ನೋದು ಎಲ್ಲೂ ನಿಲ್ಲದೆ ಸುತ್ತುತ್ತಾ ಇರೋ ಕಾವಲುಗಾರ. ಪ್ರತಿ ಸುತ್ತಲ್ಲೂ ಈಗ ಮಿಲಿಸ್ ಎಷ್ಟು ಅಂತ ನೋಡೋದು, ಕಳೆದ ಸಲ ಚುಕ್ಕೆ ಬದಲಾಯಿಸಿ 500 ಆಯ್ತಾ, ಆಗಿದ್ರೆ ಬದಲಾಯಿಸು, ಆಗಿಲ್ವಾ, ಮುಂದಕ್ಕೆ ಹೋಗು. ಬಝರ್‌ನ ಬಿಟ್ಟು ಬಿಟ್ಟು ಕೂಗಿಸೋದೂ ಹೀಗೇ, ಬಟನ್ ನೋಡೋದೂ ಹೀಗೇ. ಮಿಲಿಸ್ ಸುಮಾರು 49.7 ದಿನಕ್ಕೆ ತುಂಬಿ ಸೊನ್ನೆಗೆ ಬರತ್ತೆ, ಗಡಿಯಾರ ಅಂದ್ಮೇಲೆ ಐವತ್ತು ದಿನ ಬಿಡದೆ ಓಡೇ ಓಡತ್ತೆ, ಹಾಗಾಗಿ ಈ ಲೆಕ್ಕ ಇಡೋ ವೇರಿಯಬಲ್ ಎಲ್ಲಾ ಅನ್‌ಸೈನ್ಡ್ ಲಾಂಗ್ ಆಗಿರ್ಲಿ ಮತ್ತೆ ಯಾವಾಗ್ಲೂ ಈಗಿನದ್ರಿಂದ ಹಿಂದಿನದನ್ನ ಕಳೆದು ಹೋಲಿಸಿ. ಹಿಂದಿನದಕ್ಕೆ 500 ಕೂಡಿಸಿ ಅದು ದಾಟಿತಾ ಅಂತ ಕೇಳ್ಬೇಡಿ. ಕಳೆಯೋ ಲೆಕ್ಕ ಸೊನ್ನೆ ದಾಟಿದ್ರೂ ಸರಿ ಬರತ್ತೆ, ಕೂಡಿಸೋದು ಕೈ ಕೊಡತ್ತೆ.

ಬಟನ್ ಬಗ್ಗೆ ಇನ್ನೊಂದು. ಒಂದ್ಸಲ ಒತ್ತಿದ್ರೂ ಒಳಗಿನ ತಗಡು ಕೆಲವು ಮಿಲಿಸೆಕೆಂಡ್ ಪುಟಿಯತ್ತೆ, ಚಿಪ್ ಅದನ್ನ ಐದಾರು ಸಲ ಒತ್ತಿದ ಹಾಗೆ ಓದತ್ತೆ, ನಿಮಿಷ 10 ರಿಂದ ನೇರ 14ಕ್ಕೆ ಹಾರತ್ತೆ. ಬದಲಾವಣೆ ಕಂಡಮೇಲೆ 50 ಮಿಲಿಸೆಕೆಂಡ್ ಅದೇ ಸ್ಥಿತಿಲಿ ಇದ್ರೆ ಮಾತ್ರ ಒತ್ತಿದ್ದು ಅಂತ ಒಪ್ಕೊಳ್ಳಿ. ಪ್ಲಸ್ ಬಟನ್ ಒತ್ತಿ ಹಿಡ್ಕೊಂಡ್ರೆ ಬೇಗ ಬೇಗ ಓಡೋ ಹಾಗೆ ಮಾಡಿದ್ರೆ 59 ಸಲ ಒತ್ತೋ ಕಷ್ಟ ತಪ್ಪತ್ತೆ.

ಗಡಿಯಾರ ಯಾವ ಹೊತ್ತಿಗೂ ಒಂದೇ ಒಂದು ಸ್ಥಿತಿಲಿ ಇರತ್ತೆ ಅಂತ ಕಾಗದದ ಮೇಲೆ ಮೊದಲು ಬರ್ಕೊಳ್ಳಿ: ಟೈಮ್ ತೋರಿಸ್ತಿದೆ, ಟೈಮ್‌ನ ಗಂಟೆ ಸೆಟ್, ನಿಮಿಷ ಸೆಟ್, ಅಲಾರಂ ಗಂಟೆ ಸೆಟ್, ನಿಮಿಷ ಸೆಟ್, ಕೂಗ್ತಿದೆ, ಸ್ನೂಜ್‌ನಲ್ಲಿದೆ. ಒಂದೊಂದಕ್ಕೂ ಒಂದು ನಂಬರ್, ಯಾವ ಬಟನ್ ಒತ್ತಿದ್ರೆ ಯಾವುದರಿಂದ ಯಾವುದಕ್ಕೆ ಅಂತ ಬಾಣ ಹಾಕಿ. ಕೋಡ್‌ನಲ್ಲಿ ಅದೇ ಸ್ವಿಚ್ ಕೇಸ್ ಆಗತ್ತೆ. ಸೆಟ್ ಮಾಡ್ತಾ ಅರ್ಧಕ್ಕೆ ಬಿಟ್ಟು ಹೋದ್ರೆ ಹದಿನೈದು ಸೆಕೆಂಡ್ ಆದ್ಮೇಲೆ ತಾನೇ ಟೈಮ್‌ಗೆ ವಾಪಸ್ ಬರೋ ಬಾಣ ಕೂಡ ಇರ್ಲಿ, ಮತ್ತೆ ಸೆಟ್ಟಿಂಗ್ ಒಳಗಿದ್ರೂ ಅಲಾರಂ ಹೊತ್ತು ಬಂದ್ರೆ ಕೂಗೋ ಸ್ಥಿತಿಗೆ ಹೋಗ್ಬೇಕು. ಇದನ್ನ ಹಾಕದೇ ಇದ್ರೆ ಸೆಟ್ಟಿಂಗ್‌ನಲ್ಲೇ ಬಿಟ್ಟ ಗಡಿಯಾರ ರಾತ್ರಿಯೆಲ್ಲಾ ಅಲ್ಲೇ ಕೂತಿರತ್ತೆ.

ಕೂಗೋದು, ನಿಲ್ಲೋದು, ಸ್ನೂಜ್

ಗಂಟೆ ಸಮ, ನಿಮಿಷ ಸಮ ಅಂದ್ರೆ ಕೂಗು ಅಂತ ಬರೆದ್ರೆ ಮುಗೀತು ಅನ್ಸತ್ತೆ. ಆದ್ರೆ ನೀವು ಐದನೇ ಸೆಕೆಂಡ್‌ಗೆ ನಿಲ್ಲಿಸಿದ್ರೂ ಆ ನಿಮಿಷ ಇನ್ನೂ 55 ಸೆಕೆಂಡ್ ಇದೆ, ಮುಂದಿನ ಸುತ್ತಲ್ಲೇ ಮತ್ತೆ ಶುರು ಮಾಡತ್ತೆ. ಅದಕ್ಕೆ ಸೆಕೆಂಡ್ ಕೂಡ ಸೊನ್ನೆ ಆಗಿರ್ಬೇಕು ಅಂತ ಸೇರಿಸೋರು ಇದ್ದಾರೆ, ಅದು ಇನ್ನೂ ಕೆಟ್ಟದ್ದು, ಆ ಒಂದು ಸೆಕೆಂಡ್ ಕೋಡ್ ಬೇರೆಲ್ಲೋ ಸಿಕ್ಕಿದ್ರೆ ಅವತ್ತು ಅಲಾರಮ್ಮೇ ಇಲ್ಲ. ಸರಿಯಾದ ದಾರಿ, ಈ ನಿಮಿಷಕ್ಕೆ ಆಗ್ಲೇ ಕೂಗಿ ಆಗಿದೆ ಅಂತ ಒಂದು ಫ್ಲ್ಯಾಗ್ ಇಟ್ಕೊಳ್ಳೋದು, ನಿಮಿಷ ಬದಲಾದಾಗ ಅದನ್ನ ಅಳಿಸೋದು.

ಲೆಕ್ಕಕ್ಕೆ ಗಂಟೆ ನಿಮಿಷ ಬೇರೆ ಬೇರೆ ಇಟ್ಕೋಬೇಡಿ, ನಡುರಾತ್ರಿಯಿಂದ ಎಷ್ಟು ನಿಮಿಷ ಅಂತ ಒಂದೇ ಸಂಖ್ಯೆ ಮಾಡಿ, 5:30 ಅಂದ್ರೆ 330. ಸ್ನೂಜ್‌ಗೆ ಈಗಿನ ನಿಮಿಷಕ್ಕೆ 9 ಕೂಡಿಸಿ 1440 ರಿಂದ ಭಾಗಿಸಿ ಶೇಷ ತಗೊಳ್ಳಿ. ರಾತ್ರಿ 23:55ಕ್ಕೆ ಸ್ನೂಜ್ ಒತ್ತಿದ್ರೆ 1435ಕ್ಕೆ 9 ಸೇರಿ 1444, ಶೇಷ 4, ಅಂದ್ರೆ 00:04, ನಡುರಾತ್ರಿ ದಾಟೋದು ತಾನಾಗೇ ಸರಿಹೋಯ್ತು.

ನಿಲ್ಲಿಸೋದು ಹೇಗೆ ಅನ್ನೋದು ನಿಮ್ಮ ನಿದ್ದೆ ಮೇಲೆ. ನಾನು ಸ್ನೂಜ್ ಬಟನ್‌ನ ಸುಮ್ನೆ ಒತ್ತಿದ್ರೆ ಒಂಬತ್ತು ನಿಮಿಷ, ಮೂರು ಸೆಕೆಂಡ್ ಹಿಡ್ಕೊಂಡ್ರೆ ಇವತ್ತಿಗೆ ಸಾಕು ಅಂತ ಇಟ್ಟಿದ್ದೀನಿ. ಸ್ಲೈಡ್ ಸ್ವಿಚ್ ಇರೋದು ರಜೆ ದಿನಕ್ಕೆ. ಆನ್ ಆಫ್‌ನ ಮೆನು ಒಳಗೆ ಇಡದೆ ಸ್ವಿಚ್ ಹಾಕಿ ಅಂತ ನಾನು ಹೇಳೋದಕ್ಕೆ ಕಾರಣ, ದೀಪ ಆರಿಸಿ ಮಲಗಿದ ಮೇಲೆ ಅಲಾರಂ ಹಾಕಿದ್ನಾ ಅಂತ ಅನುಮಾನ ಬಂದ್ರೆ ಕೈ ಚಾಚಿ ಬೆರಳಲ್ಲೇ ಗೊತ್ತು ಮಾಡ್ಕೋಬಹುದು.

ಅಲಾರಂ ಹೊತ್ತನ್ನ ಈಪ್ರಾಮ್‌ನಲ್ಲಿ ಇಡಿ, ರ‍್ಯಾಮ್‌ನಲ್ಲಿ ಇಟ್ರೆ ಕರೆಂಟ್ ಹೋದಾಗ ಟೈಮ್ ಉಳಿದು ಅಲಾರಂ ಅಳಿಸಿಹೋಗತ್ತೆ. ಒಂದು ಜಾಗಕ್ಕೆ 1,00,000 ಸಲ ಬರೀಬಹುದು, ದಿನಕ್ಕೊಂದು ಸಲ ಬದಲಾಯಿಸಿದ್ರೂ 270 ವರ್ಷ ದಾಟತ್ತೆ, ಆದ್ರೆ ತಪ್ಪಿ ಲೂಪ್ ಒಳಗೆ ಬರೆಯೋಕೆ ಬಿಟ್ರೆ ಕೆಲವೇ ನಿಮಿಷದಲ್ಲಿ ಅಷ್ಟೂ ಖರ್ಚಾಗತ್ತೆ. ರೈಟ್ ಬದಲು ಅಪ್‌ಡೇಟ್ ಬಳಸಿ, ಅಲ್ಲಿರೋ ಸಂಖ್ಯೆ ಬದಲಾಗಿದ್ರೆ ಮಾತ್ರ ಬರೆಯತ್ತೆ. ಹೊಸ ಚಿಪ್‌ನಲ್ಲಿ ಈಪ್ರಾಮ್ ಓದಿದ್ರೆ 255 ಬರತ್ತೆ, ಗಂಟೆ 23ಕ್ಕಿಂತ, ನಿಮಿಷ 59ಕ್ಕಿಂತ ಜಾಸ್ತಿ ಇದ್ರೆ ಅದನ್ನ ಒಪ್ಕೊಳ್ಳದೆ ಮಾಮೂಲಿ ಹೊತ್ತು ಹಾಕ್ಕೊಳ್ಳಿ.

ಇಷ್ಟಾದ್ಮೇಲೂ ಒಂದು ಸಂದು ಉಳಿಯತ್ತೆ, 5:25ಕ್ಕೆ ಕರೆಂಟ್ ಹೋಗಿ 5:33ಕ್ಕೆ ಬಂದ್ರೆ? ಗಡಿಯಾರಕ್ಕೆ ಟೈಮ್ ಸರಿಯಾಗಿ ಗೊತ್ತಿದೆ, ಆದ್ರೆ 5:30 ಅನ್ನೋ ನಿಮಿಷನೇ ಅದು ನೋಡಿಲ್ಲ. ಅದಕ್ಕೆ ಸೆಟಪ್‌ನಲ್ಲಿ, ಅಂದ್ರೆ ಬೋರ್ಡ್ ಆನ್ ಆದಾಗ ಮಾತ್ರ, ಈಗಿನ ನಿಮಿಷದಿಂದ ಅಲಾರಂ ನಿಮಿಷ ಕಳೆದು 1440 ಕೂಡಿಸಿ, ಮತ್ತೆ 1440 ರಿಂದ ಭಾಗಿಸಿ ಶೇಷ ನೋಡಿ, ಅದು 30ಕ್ಕಿಂತ ಕಮ್ಮಿ ಇದ್ದು ಸ್ವಿಚ್ ಆನ್ ಇದ್ರೆ ತಕ್ಷಣ ಕೂಗಿಸಿ. ಎದ್ದಾದ ಮೇಲೆ ಕರೆಂಟ್ ಹೋಗಿ ಬಂದ್ರೆ ಇನ್ನೊಂದ್ಸಲ ಕೂಗತ್ತೆ, ಕೂಗ್ಲಿ ಬಿಡಿ, ಕೂಗದೇ ಇರೋದಕ್ಕಿಂತ ಅದು ಮೇಲು.

ಪವರ್

5 ವೋಲ್ಟ್ ಫೋನ್ ಚಾರ್ಜರ್ ಯುಎಸ್‌ಬಿಗೆ ಹಾಕಿ, ಅಷ್ಟೇ ಸಾಕು. ಗೋಡೆಯ ಕರೆಂಟ್‌ನ ನೀವೇ ಇಳಿಸೋ ಸರ್ಕ್ಯೂಟ್ ಮಾಡೋಕೆ ಹೋಗ್ಬೇಡಿ, ಕಲಿಯೋ ಹಂತದಲ್ಲಿ ಅದು ಬೇಡ್ವೇ ಬೇಡ. 9 ವೋಲ್ಟ್ ಬ್ಯಾಟರಿ ಕೆಲವೇ ಗಂಟೆ ಬರತ್ತೆ, 9 ರಿಂದ 5ಕ್ಕೆ ಇಳಿಸೋವಾಗ ಉಳಿದದ್ದೆಲ್ಲಾ ಬಿಸಿಯಾಗಿ ಹೋಗತ್ತೆ. ಪವರ್ ಬ್ಯಾಂಕ್ ಹಾಕೋಣ ಅಂದ್ರೆ ತುಂಬಾ ಮಾಡೆಲ್‌ಗಳು ಇಷ್ಟು ಕಮ್ಮಿ ಕರೆಂಟ್ ಎಳೆದ್ರೆ ಏನೂ ಇಲ್ಲ ಅಂದ್ಕೊಂಡು ತಾವೇ ಆಫ್ ಆಗ್ತವೆ, ಹಾಕೋ ಮುಂಚೆ ಒಂದು ರಾತ್ರಿ ಪೂರ್ತಿ ಬಿಟ್ಟು ನೋಡಿ.

ಕತ್ತಲಲ್ಲಿ ಟಿಎಂ1637 ಕಣ್ಣಿಗೆ ಚುಚ್ಚತ್ತೆ. ಅದಕ್ಕೆ ಎಂಟು ಮಟ್ಟದ ಬೆಳಕು ಇದೆ, ರಾತ್ರಿ ಹತ್ತರಿಂದ ಬೆಳಿಗ್ಗೆ ತನಕ ಎಲ್ಲಕ್ಕಿಂತ ಕಮ್ಮಿಗೆ ಇಳಿಸಿ. ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗೋ ರೆಸಿಸ್ಟರ್) ಒಂದಿದ್ರೆ 10 ಕಿಲೋ ಓಮ್ ಜೊತೆ ಸೇರಿಸಿ ಎ0ಗೆ ಕೊಟ್ಟು ಕೋಣೆ ಬೆಳಕಿಗೆ ತಕ್ಕಂತೆ ಬದಲಾಯಿಸೋದು ಇನ್ನೂ ಚೆನ್ನ.

ನಂಬೋ ಮುಂಚೆ ಪರೀಕ್ಷೆ

ಎರಡು ವಾರ ಫೋನ್ ಅಲಾರಂ ಕೂಡ ಐದು ನಿಮಿಷ ತಡವಾಗಿ ಹಾಕಿಟ್ಟಿರಿ. ಆ ಎರಡು ವಾರದಲ್ಲಿ ಗಡಿಯಾರನ ಬೇಕಂತಲೇ ಕಾಡಿಸಿ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿ, ಟೈಮ್ ಸರಿ ಇದೆಯಾ, ಅಲಾರಂ ಹೊತ್ತು ಉಳಿದಿದೆಯಾ. ಕೂಗೋವಾಗ ಕಿತ್ತು ಹಾಕಿ. ಸೆಲ್ ತೆಗೆದು ಪ್ಲಗ್ಗೂ ಕಿತ್ತು ಹಾಕಿ, ಅಂಕಿ ಮಿಣುಕ್ತಾ ಇರ್ಬೇಕು. ಅಲಾರಂನ 00:00ಕ್ಕೆ ಇಡಿ, 23:59ಕ್ಕೆ ಇಟ್ಟು ಸ್ನೂಜ್ ಒತ್ತಿ. ಕೂಗಿದ ತಕ್ಷಣ ನಿಲ್ಲಿಸಿ ಅದೇ ನಿಮಿಷದಲ್ಲಿ ಮತ್ತೆ ಕೂಗತ್ತಾ ಕಾಯಿರಿ. ಸೆಟ್ಟಿಂಗ್‌ನಲ್ಲಿ ಅರ್ಧಕ್ಕೆ ಬಿಟ್ಟು ಹೋಗಿ. ಯಾವುದಾದ್ರೂ ಒಂದು ತಪ್ಪಿದ್ರೆ ಸರಿ ಮಾಡಿ ಆ ಎರಡು ವಾರ ಮತ್ತೆ ಮೊದಲಿಂದ ಎಣಿಸಿ.

ಪಾಸಾದ ಮೇಲೆ ಬ್ರೆಡ್‌ಬೋರ್ಡ್ ಬಿಟ್ಟು ಪರ್ಫ್‌ಬೋರ್ಡ್ (ಸೋಲ್ಡರ್ ಮಾಡೋಕೆ ಅಂತ ತೂತುಗಳಿರೋ ಬೋರ್ಡ್) ಮೇಲೆ ಸೋಲ್ಡರ್ ಮಾಡಿ, ಬ್ರೆಡ್‌ಬೋರ್ಡ್ ವೈರ್ ಒಂದು ದಿನ ಸಡಿಲ ಆಗೇ ಆಗತ್ತೆ. ಕಿಟಕಿ ತೆಗೆದಿಟ್ಕೊಂಡು ಸೋಲ್ಡರ್ ಮಾಡಿ, ಹೊಗೆ ಮುಖಕ್ಕೆ ಬೇಡ. ಬೋರ್ಡ್, ಆರ್‌ಟಿಸಿ, ಡಿಸ್‌ಪ್ಲೇನ ನೇರ ಸೋಲ್ಡರ್ ಮಾಡದೆ ಹೆಡರ್ ಸಾಕೆಟ್ ಹಾಕಿದ್ರೆ ಒಂದು ಕೆಟ್ಟಾಗ ಅದನ್ನ ಮಾತ್ರ ಕಿತ್ತು ಬದಲಾಯಿಸ್ಬಹುದು. ಡಬ್ಬ ಮರದ್ದೋ ಪ್ಲಾಸ್ಟಿಕ್‌ದೋ ನಿಮ್ಮಿಷ್ಟ, ಬಝರ್ ಎದುರಿಗೆ ಮಾತ್ರ ನಾಲ್ಕೈದು ತೂತು ಇರ್ಲಿ, ಮುಚ್ಚಿದ ಡಬ್ಬದಲ್ಲಿ ಸದ್ದು ಅರ್ಧಕ್ಕೆ ಇಳಿದ ಹಾಗೆ ಕೇಳತ್ತೆ. ಸ್ನೂಜ್ ಬಟನ್ ಮೇಲ್ಗಡೆ ಒಂಟಿಯಾಗಿ, ಉಳಿದೆರಡು ಹಿಂದೆ. ಯುಎಸ್‌ಬಿ ಕಿಂಡಿ ಹೊರಗಡೆಯಿಂದಲೇ ಸಿಗೋ ಹಾಗಿರ್ಲಿ, ಮುಂದೆ ಕೋಡ್ ಬದಲಾಯಿಸೋಕೆ ಡಬ್ಬ ಬಿಚ್ಚೋದು ತಪ್ಪತ್ತೆ. ಸೆಲ್ ಹಾಕಿದ ತಿಂಗಳು ವರ್ಷನ ಒಂದು ಚೀಟಿಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ.